‘ಪುಸ್ತಕದಲ್ಲಿ ಹೀಗಿರಲಿಲ್ಲ’: ಮೆಚ್ಚಿನ ಫ್ಯಾಂಟಸಿ ಕಥೆ ಸಿನಿಮಾ ಆದಾಗ ಓದುಗರಿಗೆ ಯಾಕೆ ನೋವಾಗುತ್ತದೆ

ಥಿಯೇಟರಿನಲ್ಲಿ ಸಿನಿಮಾ ನಡೆಯುತ್ತಿದೆ. ನಿಮಗೆ ಚೆನ್ನಾಗಿಯೇ ಇದೆ. ಡ್ರ್ಯಾಗನ್ ಹಾರುತ್ತಿದೆ, ಕೋಟೆ ಹೊತ್ತಿ ಉರಿಯುತ್ತಿದೆ, ಸಂಗೀತ ಎದೆಗೆ ಬಡಿಯುತ್ತಿದೆ. ಪಕ್ಕದಲ್ಲಿ ಕುಳಿತ ಗೆಳತಿ ಮಾತ್ರ ಸಣ್ಣಗೆ ಗೊಣಗುತ್ತಾಳೆ: "ಪುಸ್ತಕದಲ್ಲಿ ಹೀಗಿರಲಿಲ್ಲ." ಹತ್ತು ನಿಮಿಷ ಕಳೆದ ಮೇಲೆ ಇನ್ನೊಂದು ಸಲ ಅದೇ ಮಾತು. ಹೊರಗೆ ಬಂದಾಗ ಅವಳ ಮುಖ ಸಪ್ಪಗಿದೆ. ಜೊತೆಗೆ ಬಂದಿದ್ದ ಇನ್ನೊಬ್ಬ ಗೆಳೆಯನೂ ಅದೇ ಪುಸ್ತಕವನ್ನು ನಾಲ್ಕು ಸಲ ಓದಿದವನು. ಅವನು ಕಣ್ಣೊರೆಸಿಕೊಂಡು ನಗುತ್ತಿದ್ದಾನೆ. ಮನೆ ತಲುಪುವವರೆಗೂ ಇಬ್ಬರದೂ ವಾದವೇ ವಾದ. ಪುಸ್ತಕ ಓದದ ನೀವು ನಡುವೆ ಸಿಕ್ಕಿಕೊಂಡಿದ್ದೀರಿ.

ಈ ಬರಹ ಹಾಗೆ ನಡುವೆ ಸಿಕ್ಕಿಕೊಂಡವರಿಗೆ. ಅಭಿಮಾನಿಗಳು ಸುಮ್ನೆ ಹಠ ಮಾಡುತ್ತಾರೆ ಅಂತ ಹೊರಗಿನವರಿಗೆ ಅನ್ನಿಸುವುದು ಸಹಜ. ಹತ್ತಿರದಿಂದ ನೋಡಿದರೆ ಅವರ ಸಿಟ್ಟಿಗೂ ಸಂತೋಷಕ್ಕೂ ಒಂದು ಲೆಕ್ಕ ಇದೆ. ಹ್ಯಾರಿ ಪಾಟರ್ ಕಥೆಯನ್ನು ಮತ್ತೆ ಮೊದಲಿನಿಂದ, ಈ ಸಲ ಸರಣಿಯಾಗಿ ಮಾಡುತ್ತೇವೆ ಅಂತ 2023ರಲ್ಲಿ ಘೋಷಣೆ ಆದ ಮೇಲೆ ಈ ವಾದ ಹೊಸದಾಗಿ ಎದ್ದಿದೆ. ಪುಸ್ತಕ ಮುಟ್ಟದವರ ಕಿವಿಗೂ ಅದು ಬೀಳುತ್ತಿದೆ. ಹಾಗಾಗಿ ಆ ಲೆಕ್ಕವನ್ನು ಬಿಡಿಸಿ ನೋಡೋಣ.

## ಮೊದಲು ಮೂರು ಪದ

ಪುಸ್ತಕವನ್ನು ಸಿನಿಮಾ, ನಾಟಕ ಅಥವಾ ಸರಣಿ ಮಾಡುವುದಕ್ಕೆ ‘ಅಡಾಪ್ಟೇಶನ್’ ಅನ್ನುತ್ತಾರೆ. ಕನ್ನಡದಲ್ಲಿ ರೂಪಾಂತರ ಅನ್ನಬಹುದು. ರೂಪ ಬೇರೆ ಆಗುತ್ತದೆ ಅನ್ನುವುದು ಆ ಪದದಲ್ಲೇ ಇದೆ. ಜಗಳ ಇರುವುದು ರೂಪದ ಜೊತೆಗೆ ಇನ್ನೇನು ಬದಲಾಯಿತು ಅನ್ನುವುದರ ಬಗ್ಗೆ.

‘ಫ್ಯಾಂಟಸಿ’ ಅಂದರೆ ನಮ್ಮ ಲೋಕದಲ್ಲಿ ನಡೆಯಲಾಗದ ಸಂಗತಿಗಳ ಮೇಲೆ ಕಟ್ಟಿದ ಕಥೆ. ಮಂತ್ರ, ಮಾತಾಡುವ ಪ್ರಾಣಿ, ಯಾವ ಭೂಪಟದಲ್ಲೂ ಇಲ್ಲದ ದೇಶ. ಒಳ್ಳೆಯ ಫ್ಯಾಂಟಸಿಯಲ್ಲಿ ಇದಕ್ಕೆಲ್ಲ ನಿಯಮ ಇರುತ್ತದೆ. ಯಾರು ಮಂತ್ರ ಹಾಕಬಹುದು, ಅದಕ್ಕೆ ತೆರಬೇಕಾದ ಬೆಲೆ ಏನು ಅನ್ನುವುದನ್ನು ಓದುಗರು ನಿಧಾನವಾಗಿ ಕಲಿಯುತ್ತಾರೆ.

ಮೂರನೆಯದು ‘ಕ್ಯಾನನ್’. ಕಥೆಯೊಳಗೆ ‘ನಿಜವಾಗಿ ನಡೆದದ್ದು’ ಅಂತ ಅಭಿಮಾನಿಗಳು ಒಪ್ಪುವ ಸಂಗತಿಗಳಿಗೆ ಈ ಹೆಸರು. ಮೂಲ ಪುಸ್ತಕದಲ್ಲಿ ಇರುವುದು ಸಾಮಾನ್ಯವಾಗಿ ಕ್ಯಾನನ್. ಸಿನಿಮಾದಲ್ಲಿ ಹೊಸದಾಗಿ ಸೇರಿಸಿದ್ದು ಕ್ಯಾನನ್ ಹೌದೋ ಅಲ್ಲವೋ ಅನ್ನುವುದೇ ಎಷ್ಟೋ ವಾದಗಳ ಮೂಲ.

## ಓದುವಾಗಲೇ ಒಂದು ಸಿನಿಮಾ ತಯಾರಾಗಿರುತ್ತದೆ

ಒಂದು ಸಣ್ಣ ಪ್ರಯೋಗ ಮಾಡೋಣ. ಈ ಎರಡು ವಾಕ್ಯ ಓದಿ: ‘ಹಳೆಯ ಬಾಗಿಲು ಕಿರ್ರೆಂದು ತೆರೆಯಿತು. ಒಳಗೆ ಒಬ್ಬ ಮುದುಕ ಕುಳಿತಿದ್ದ.’ ಈಗ ಹೇಳಿ, ಬಾಗಿಲಿನ ಬಣ್ಣ ಯಾವುದು? ಅದು ಎಡಕ್ಕೆ ತೆರೆಯಿತೋ ಬಲಕ್ಕೋ? ಮುದುಕನಿಗೆ ಗಡ್ಡ ಇತ್ತಾ? ವಾಕ್ಯದಲ್ಲಿ ಇದ್ಯಾವುದೂ ಇಲ್ಲ. ಆದರೂ ನಿಮಗೆ ಏನೋ ಒಂದು ಕಂಡಿರುತ್ತದೆ. ಅದನ್ನು ಬರೆದವರು ಕೊಡಲಿಲ್ಲ. ನೀವೇ ಹುಟ್ಟಿಸಿದಿರಿ.

‘ಕಣ್ಣಿಗೆ ಕಟ್ಟಿದ ಹಾಗಿದೆ’ ಅಂತ ನಾವು ಹೇಳುವುದು ಇದನ್ನೇ. ಹಾಗೆ ಕಟ್ಟುವ ಕೆಲಸದಲ್ಲಿ ಅರ್ಧ ಓದುಗರದ್ದು. ಐದುನೂರು ಪುಟದ ಕಾದಂಬರಿ ಓದಿ ಮುಗಿಸುವಷ್ಟರಲ್ಲಿ ಪಾತ್ರಧಾರಿಗಳ ಆಯ್ಕೆ, ಉಡುಪು, ಬೆಳಕು, ದನಿ ಎಲ್ಲವನ್ನೂ ಅವರೇ ಮಾಡಿ ಮುಗಿಸಿರುತ್ತಾರೆ.

ಇದು ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. 1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಬ್ರಿಟಿಷ್ ವಿಜ್ಞಾನಿ ಜನರಿಗೆ ಒಂದು ಪ್ರಶ್ನೆ ಕೇಳಿದ. ಬೆಳಿಗ್ಗೆ ತಿಂಡಿಗೆ ಕುಳಿತ ಮೇಜನ್ನು ನೆನೆಸಿಕೊಳ್ಳಿ, ಮನಸ್ಸಿಗೆ ಅದರ ಚಿತ್ರ ಎಷ್ಟು ಸ್ಪಷ್ಟವಾಗಿ ಬರುತ್ತದೆ ಅಂತ. ಕೆಲವರಿಗೆ ಎದುರಿಗೇ ಇದ್ದಷ್ಟು ಸ್ಪಷ್ಟ. ಕೆಲವರಿಗೆ ಚಿತ್ರವೇ ಇಲ್ಲ. ಹೀಗೆ ಮನಸ್ಸಿನಲ್ಲಿ ಚಿತ್ರ ಮೂಡದ ಸ್ಥಿತಿಗೆ ‘ಅಫ್ಯಾಂಟೇಸಿಯಾ’ ಅನ್ನುವ ಹೆಸರು ಬಂದದ್ದು ತೀರಾ ಈಚೆಗೆ, 2015ರಲ್ಲಿ. ಒಂದೇ ಪುಸ್ತಕದ ಇಬ್ಬರು ಅಭಿಮಾನಿಗಳು ಸಿನಿಮಾದಲ್ಲಿ ಬೇರೆ ಬೇರೆ ಕಡೆ ಎಡವುವುದಕ್ಕೆ ಇದೂ ಒಂದು ಕಾರಣ ಇರಬಹುದು. ಒಬ್ಬರಿಗೆ ನಾಯಕಿಯ ಮುಖ ಹೊಂದಲಿಲ್ಲ ಅನ್ನುವ ಕೊರಗು. ಇನ್ನೊಬ್ಬರಿಗೆ ಮುಖದ ಚಿಂತೆಯೇ ಇಲ್ಲ, ಅವಳ ಮಾತಿನ ಧಾಟಿ ಹೋಯಿತು ಅನ್ನುವ ಬೇಸರ.

ಫ್ಯಾಂಟಸಿಯಲ್ಲಿ ಈ ಕೆಲಸ ಇನ್ನೂ ಜಾಸ್ತಿ. ಕಥೆ ಆಸ್ಪತ್ರೆಯಲ್ಲೋ ರೈಲಿನಲ್ಲೋ ನಡೆದರೆ ನಾವು ಅವನ್ನು ನೋಡಿರುತ್ತೇವೆ. ನನ್ನ ತಲೆಯ ರೈಲಿಗೂ ನಿಮ್ಮ ತಲೆಯ ರೈಲಿಗೂ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ. ಮಾತಾಡುವ ಮರವನ್ನು ಯಾರು ನೋಡಿದ್ದಾರೆ? ಒಬ್ಬೊಬ್ಬರದೂ ಒಂದೊಂದು ಮರ. ಸಿನಿಮಾ ಅವುಗಳಲ್ಲಿ ಒಂದನ್ನು ಆರಿಸಲೇಬೇಕು. ಆ ಕ್ಷಣದಲ್ಲಿ ಉಳಿದವರ ಮರಗಳೆಲ್ಲ ತೆರೆಯಿಂದ ಹೊರಗೆ.

ಇನ್ನೂ ಒಂದು ಕಷ್ಟ ಇದೆ. ಸಿನಿಮಾದ ಚಿತ್ರಕ್ಕೆ ಬಲ ಜಾಸ್ತಿ. ನನ್ನದೇ ಅನುಭವ ಹೇಳುತ್ತೇನೆ. ಬ್ರಿಟಿಷ್ ಲೇಖಕ ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ನಾನು ಸಿನಿಮಾಕ್ಕೆ ಮುಂಚೆ ಓದಿದ್ದೆ. ಗ್ಯಾಂಡಾಲ್ಫ್ ಅನ್ನುವ ಮಾಂತ್ರಿಕನಿಗೆ ನನ್ನದೇ ಒಂದು ಮುಖ ಇತ್ತು. ಸಿನಿಮಾದಲ್ಲಿ ಇಯಾನ್ ಮೆಕೆಲನ್ ಆ ಪಾತ್ರವನ್ನು ತುಂಬಾ ಚೆನ್ನಾಗಿ ಮಾಡಿದರು, ಮನಸ್ಸು ತುಂಬಿ ಬಂತು. ಈಗ ಪುಸ್ತಕ ತೆರೆದರೆ ಬರುವುದು ಅವರ ಮುಖವೇ. ನನ್ನ ಹಳೆಯ ಗ್ಯಾಂಡಾಲ್ಫ್ ಹೇಗಿದ್ದ ಅಂತ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಸಿನಿಮಾ ಚೆನ್ನಾಗಿದ್ದಾಗಲೂ ಓದುಗರು ಹೀಗೆ ಏನನ್ನೋ ಕಳೆದುಕೊಳ್ಳುತ್ತಾರೆ. ಓದದವರಿಗೆ ಇದನ್ನು ವಿವರಿಸುವುದು ಕಷ್ಟ.

ಆ ಚಿತ್ರ ಮಾಡಿದವರಿಗೆ ಈ ಸೂಕ್ಷ್ಮ ಗೊತ್ತಿತ್ತು ಅನ್ನಿಸುತ್ತದೆ. ನಿರ್ದೇಶಕ ಪೀಟರ್ ಜಾಕ್ಸನ್ ತಮ್ಮ ತಂಡಕ್ಕೆ ಅಲನ್ ಲೀ ಮತ್ತು ಜಾನ್ ಹೌ ಎಂಬ ಇಬ್ಬರು ಕಲಾವಿದರನ್ನು ಕರೆಸಿಕೊಂಡರು. ಇಬ್ಬರೂ ಅದಕ್ಕೆ ಎಷ್ಟೋ ವರ್ಷ ಮುಂಚೆಯೇ ಈ ಕಥೆಗೆ ಚಿತ್ರ ಬರೆದು ಹೆಸರಾದವರು. ಅವರ ಬೆಟ್ಟ, ಗೋಪುರಗಳನ್ನು ಓದುಗರು ಪುಸ್ತಕದ ಪುಟಗಳಲ್ಲೇ ನೋಡಿದ್ದರು. ಅವೇ ತೆರೆಯ ಮೇಲೆ ಎದ್ದು ನಿಂತಾಗ ಅನೇಕರಿಗೆ ಪರಿಚಯದ ಊರಿಗೆ ಹೋದ ಹಾಗಾಯಿತು.

## ಸಾವಿರ ಪುಟ, ಮೂರು ಗಂಟೆ

ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಹಾಗೇ ತೆಗೆಯಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಲೆಕ್ಕ ಹಾಕಿದರೆ ಅದು ಆಗದ ಮಾತು.

ಸಿನಿಮಾದವರಲ್ಲಿ ಒಂದು ರೂಢಿಯ ಲೆಕ್ಕ ಇದೆ. ಚಿತ್ರಕಥೆಯ ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಎರಡು ಗಂಟೆಯ ಸಿನಿಮಾಕ್ಕೆ 120 ಪುಟ. ಅದೂ ಕಾದಂಬರಿಯ ಹಾಗೆ ತುಂಬಿದ ಪುಟವಲ್ಲ. ಮಾತು ಮತ್ತು ಕ್ರಿಯೆ ಮಾತ್ರ ಇರುವ, ಅರ್ಧಕ್ಕರ್ಧ ಖಾಲಿ ಪುಟ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸಾವಿರಕ್ಕೂ ಹೆಚ್ಚು ಪುಟದ ಕಾದಂಬರಿ. ಗಟ್ಟಿಯಾಗಿ ಪೂರ್ತಿ ಓದಿದ ಆಡಿಯೊ ಪುಸ್ತಕ 50 ಗಂಟೆ ದಾಟುತ್ತದೆ. 2001ರಿಂದ 2003ರವರೆಗೆ ಬಂದ ಮೂರು ಸಿನಿಮಾಗಳನ್ನು ಸೇರಿಸಿದರೆ ಥಿಯೇಟರಿನಲ್ಲಿ ಓಡಿದ್ದು ಸುಮಾರು 9 ಗಂಟೆ 18 ನಿಮಿಷ. ಆಮೇಲೆ ಬಂದ ವಿಸ್ತೃತ ಆವೃತ್ತಿಗಳು 11 ಗಂಟೆ ದಾಟಿದವು. ಅಷ್ಟಾದರೂ ಎಷ್ಟೋ ಅಧ್ಯಾಯಗಳಿಗೆ ಕತ್ತರಿ ಬಿತ್ತು.

ಕೆಲವೊಮ್ಮೆ ಚಿತ್ರೀಕರಣ ಆದ ಮೇಲೂ ಕತ್ತರಿ ಬೀಳುತ್ತದೆ. ಹ್ಯಾರಿ ಪಾಟರ್ ಪುಸ್ತಕಗಳಲ್ಲಿ ಪೀವ್ಸ್ ಎಂಬ ತುಂಟ ಭೂತ ಇದ್ದಾನೆ. ಶಾಲೆಯ ತುಂಬಾ ಗಲಾಟೆ ಎಬ್ಬಿಸುವುದೇ ಅವನ ಕೆಲಸ. 2001ರ ಮೊದಲ ಸಿನಿಮಾಕ್ಕೆ ನಟ ರಿಕ್ ಮೇಯಲ್ ಆ ಪಾತ್ರ ಮಾಡಿದ್ದರು. ಸಿನಿಮಾ ಬಿಡುಗಡೆ ಆದಾಗ ಅವರ ಒಂದು ದೃಶ್ಯವೂ ಉಳಿದಿರಲಿಲ್ಲ. ಮುಂದಿನ ಏಳು ಸಿನಿಮಾಗಳಲ್ಲೂ ಪೀವ್ಸ್ ಬರಲಿಲ್ಲ. ಓದಿದವರಿಗೆ ಇಂದಿಗೂ ಅದೊಂದು ಖಾಲಿ ಜಾಗ.

ಹಾಗಾದರೆ ಉದ್ದ ಮಾಡಿದರೆ ಎಲ್ಲರೂ ಖುಷಿ ಪಡುತ್ತಾರಾ? ಅದೂ ಇಲ್ಲ. 1937ರಲ್ಲಿ ಬಂದ, ಟೋಲ್ಕಿನ್ ಅವರದೇ ‘ದಿ ಹಾಬಿಟ್’ ಸುಮಾರು 300 ಪುಟದ ಪುಸ್ತಕ. ಅದನ್ನು 2012ರಿಂದ 2014ರವರೆಗೆ ಮೂರು ಸಿನಿಮಾ ಮಾಡಿದರು. ಒಟ್ಟು ಸುಮಾರು 8 ಗಂಟೆ. ಜಾಗ ತುಂಬಲು ಪುಸ್ತಕದಲ್ಲಿ ಇಲ್ಲದ ಟಾರಿಯೆಲ್ ಎಂಬ ಹೊಸ ಪಾತ್ರ ಬಂತು, ಅವಳಿಗೊಂದು ಪ್ರೇಮಕಥೆಯೂ ಬಂತು. ಈ ಸಲ ಅಭಿಮಾನಿಗಳ ದೂರು ತಿರುಗಿತು: ಎಳೆದೂ ಎಳೆದೂ ಕಥೆಯ ಹಗುರತನವೇ ಹೋಯಿತು ಅಂತ. ಹಿಂದೆ ಕತ್ತರಿಸಿದರು ಅಂತ ಬೇಸರಪಟ್ಟವರೇ ಈಗ ಹಿಗ್ಗಿಸಿದರು ಅಂತ ಬೇಸರಪಟ್ಟರು. ಹೊರಗಿನವರಿಗೆ ಇದು ತಿರುಗುಮುರುಗು ಮಾತಿನಂತೆ ಕೇಳಿಸಬಹುದು. ಎರಡರ ಹಿಂದೆಯೂ ಇರುವುದು ಒಂದೇ ಆಸೆ, ಕಥೆ ತನ್ನದೇ ನಡಿಗೆಯಲ್ಲಿ ನಡೆಯಲಿ ಅನ್ನುವುದು.

## ಬೆಳ್ಳಿಯ ಶೂ ಕೆಂಪಾದದ್ದು

ಸಮಯವೊಂದೇ ಕಾರಣವಲ್ಲ. ಪುಸ್ತಕ ಮತ್ತು ಸಿನಿಮಾ ಬೇರೆ ಬೇರೆ ಉಪಕರಣ. ಕೊಳಲಿಗೆ ಕಟ್ಟಿದ ರಾಗವನ್ನು ಡೋಲಿನಲ್ಲಿ ನುಡಿಸು ಅಂದರೆ ಏನಾದರೂ ಬದಲಾಗಲೇಬೇಕು, ಅಲ್ವಾ?

ಎಲ್. ಫ್ರಾಂಕ್ ಬೌಮ್ 1900ರಲ್ಲಿ ಬರೆದ ಆಜ್ ಮಾಂತ್ರಿಕನ ಕಥೆಯಲ್ಲಿ ಡೊರೊಥಿ ಎಂಬ ಹುಡುಗಿಗೆ ಮಾಯದ ಶೂ ಸಿಗುತ್ತವೆ. ಪುಸ್ತಕದಲ್ಲಿ ಅವು ಬೆಳ್ಳಿಯವು. 1939ರ ಸಿನಿಮಾದಲ್ಲಿ ಅವು ಮಾಣಿಕ್ಯದ ಹಾಗೆ ಹೊಳೆಯುವ ಕೆಂಪು. ಆಗ ಟೆಕ್ನಿಕಲರ್ ಎಂಬ ಬಣ್ಣದ ತಂತ್ರ ಜನರನ್ನು ಬೆರಗುಗೊಳಿಸುತ್ತಿದ್ದ ಕಾಲ. ಹಳದಿ ಇಟ್ಟಿಗೆಯ ದಾರಿಯ ಮೇಲೆ ಬೆಳ್ಳಿಗಿಂತ ಕೆಂಪು ಎದ್ದು ಕಾಣುತ್ತದೆ. ಓದುವಾಗ ‘ಬೆಳ್ಳಿ’ ಅನ್ನುವ ಪದವೇ ಮಿನುಗುತ್ತದೆ. ತೆರೆಯ ಮೇಲೆ ಮಿನುಗಬೇಕಾದದ್ದು ವಸ್ತು.

ಇದಕ್ಕಿಂತ ದೊಡ್ಡ ತೊಡಕು ಪಾತ್ರದ ಮನಸ್ಸಿನೊಳಗಿನ ಮಾತು. ಕಾದಂಬರಿ ‘ಅವಳಿಗೆ ಭಯವಾಯಿತು, ಆದರೆ ತಮ್ಮನ ಮುಂದೆ ತೋರಿಸಿಕೊಳ್ಳಲಿಲ್ಲ’ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಕ್ಯಾಮೆರಾಕ್ಕೆ ಭಯ ಕಾಣಬೇಕು, ಅದನ್ನು ಮುಚ್ಚಿಟ್ಟದ್ದೂ ಕಾಣಬೇಕು, ತಮ್ಮನಿಗೆ ಕಾಣಬಾರದು. ಇದಕ್ಕಾಗಿ ಚಿತ್ರಕಥೆ ಬರೆಯುವವರು ಹೊಸ ದೃಶ್ಯ ಹುಟ್ಟಿಸುತ್ತಾರೆ, ಯೋಚನೆಯನ್ನು ಮಾತಾಗಿಸುತ್ತಾರೆ, ಕೆಲವೊಮ್ಮೆ ಕೇಳಿಸಿಕೊಳ್ಳಲು ಜೊತೆಗೊಬ್ಬ ಗೆಳೆಯನನ್ನೇ ಸೇರಿಸುತ್ತಾರೆ. ಪುಸ್ತಕದಲ್ಲಿ ಇಲ್ಲದ ಎಷ್ಟೋ ದೃಶ್ಯಗಳು ಪುಸ್ತಕದಲ್ಲಿ ಇದ್ದ ಒಂದು ಭಾವವನ್ನು ಉಳಿಸಲೆಂದೇ ಹುಟ್ಟಿರುತ್ತವೆ.

## ಯಾವುದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ಯಾವುದನ್ನು ಇಲ್ಲ

ಈಗ ನಿಜವಾದ ಪ್ರಶ್ನೆ. ಬದಲಾವಣೆ ತಪ್ಪಿದ್ದಲ್ಲ ಅಂತ ಅಭಿಮಾನಿಗಳಿಗೂ ಗೊತ್ತು. ಆದರೂ ಕೆಲವು ಬದಲಾವಣೆ ಎರಡು ದಿನದಲ್ಲಿ ಮರೆತುಹೋಗುತ್ತವೆ, ಕೆಲವು ಇಪ್ಪತ್ತು ವರ್ಷ ಕಳೆದರೂ ಚುಚ್ಚುತ್ತವೆ. ಯಾಕೆ?

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಟಾಮ್ ಬಾಂಬಡಿಲ್ ಅಂತ ಒಬ್ಬ ಇದ್ದಾನೆ. ಕಾಡಿನ ಅಂಚಿನಲ್ಲಿ ಹಾಡುತ್ತಾ ಕುಣಿಯುತ್ತಾ ಇರುವ ವಿಚಿತ್ರ ಮನುಷ್ಯ. ಲೋಕವನ್ನೇ ನಡುಗಿಸುವ ಮಾಯದುಂಗುರ ಅವನ ಮೇಲೆ ಏನೂ ಪರಿಣಾಮ ಮಾಡುವುದಿಲ್ಲ. ಸಿನಿಮಾದಲ್ಲಿ ಅವನನ್ನು ಪೂರ್ತಿ ಕೈಬಿಟ್ಟರು. ಅಧ್ಯಾಯಗಟ್ಟಲೆ ಕಥೆ ಹೋಯಿತು. ಓದುಗರು ಗೊಣಗಿದರು, ಆದರೆ ಬಹಳಷ್ಟು ಜನ ಒಪ್ಪಿಕೊಂಡರು. ಅವನಿಲ್ಲದೆಯೂ ಕಥೆಯ ದಾರ ಕಡಿದುಹೋಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಅದೇ ಸಿನಿಮಾಗಳಲ್ಲಿ ಫ್ಯಾರಮಿರ್ ಎಂಬ ಸೇನಾನಿಯ ಪಾತ್ರ ಇದೆ. ಅವನನ್ನು ಕೈಬಿಡಲಿಲ್ಲ. ಬಹಳಷ್ಟು ಹಾಗೇ ಉಳಿಸಿಕೊಂಡರು. ಬದಲಾದದ್ದು ಅವನ ಒಂದು ನಿರ್ಧಾರ. ಪುಸ್ತಕದಲ್ಲಿ ಆ ಉಂಗುರ ಅವನ ಕೈಗೆ ಎಟುಕುವಷ್ಟು ಹತ್ತಿರ ಬರುತ್ತದೆ. ಅದು ದಾರಿಯಲ್ಲಿ ಬಿದ್ದಿದ್ದರೂ ತಾನು ಎತ್ತಿಕೊಳ್ಳುವುದಿಲ್ಲ ಅನ್ನುತ್ತಾನೆ, ಆ ಮಾತಿನಂತೆಯೇ ನಡೆದುಕೊಳ್ಳುತ್ತಾನೆ. ಎಲ್ಲರೂ ಆಸೆಗೆ ಬೀಳುವ ಕಥೆಯಲ್ಲಿ ಅವನು ಬೀಳುವುದಿಲ್ಲ. ಸಿನಿಮಾದಲ್ಲಿ ಅವನು ಮೊದಲು ಸೋಲುತ್ತಾನೆ. ಉಂಗುರ ಹೊತ್ತವರನ್ನು ಸೆರೆ ಹಿಡಿದು ತನ್ನ ತಂದೆಯ ನಾಡಿನ ಕಡೆ ಕರೆದೊಯ್ಯುತ್ತಾನೆ, ಆಮೇಲೆ ಮನಸ್ಸು ಬದಲಿಸುತ್ತಾನೆ.

ಚಿತ್ರಕಥೆ ಬರೆದವರು ಇದಕ್ಕೆ ಕಾರಣ ಕೊಟ್ಟಿದ್ದಾರೆ. ಉಂಗುರ ಎಷ್ಟು ಅಪಾಯಕಾರಿ ಅಂತ ಅಷ್ಟು ಹೊತ್ತು ತೋರಿಸಿ, ಒಬ್ಬ ಬಂದು ಸುಲಭವಾಗಿ ಬೇಡ ಅಂದರೆ ಆ ಭಯ ಕರಗುತ್ತದೆ. ಜೊತೆಗೆ, ಪುಸ್ತಕದ ಎರಡನೇ ಭಾಗದಲ್ಲಿ ಬರುವ ದೊಡ್ಡ ಜೇಡದ ಪ್ರಸಂಗವನ್ನು ಅವರು ಮೂರನೇ ಸಿನಿಮಾಕ್ಕೆ ಮುಂದೂಡಿದ್ದರು. ಆ ಜಾಗಕ್ಕೆ ಬೇರೊಂದು ಅಡ್ಡಿ ಬೇಕಾಗಿತ್ತು. ಸಿನಿಮಾದ ದೃಷ್ಟಿಯಿಂದ ಇದು ಒಪ್ಪುವ ಮಾತೇ. ಆದರೆ ಫ್ಯಾರಮಿರ್‌ನನ್ನು ಪ್ರೀತಿಸಿದವರು ಪ್ರೀತಿಸಿದ್ದೇ ಅವನು ಸೋಲಲಿಲ್ಲ ಅನ್ನುವ ಕಾರಣಕ್ಕೆ. ಅದು ಹೋದರೆ ಹೆಸರು ಮಾತ್ರ ಉಳಿಯಿತು. ಬಾಂಬಡಿಲ್ ಹೋದದ್ದು ಊರಿಂದ ಒಬ್ಬ ನೆರೆಯವರು ಹೋದ ಹಾಗೆ. ಫ್ಯಾರಮಿರ್ ಬದಲಾದದ್ದು ಮನೆಯವರೇ ಗುರುತು ಸಿಗದ ಹಾಗಾದಂತೆ.

ಇನ್ನೊಂದು ಜೋಡಿ ನೋಡಿ. ಎರಡೂ ವಯಸ್ಸಿನ ಬದಲಾವಣೆ. ಹ್ಯಾರಿ ಪಾಟರ್ ಪುಸ್ತಕದ ಲೆಕ್ಕದಲ್ಲಿ, ಕಥೆ ಶುರುವಾದಾಗ ಸ್ನೇಪ್ ಮೇಷ್ಟರಿಗೆ 31 ವರ್ಷ. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಅಲನ್ ರಿಕ್‌ಮನ್ ಆಗಲೇ 50 ದಾಟಿದ್ದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ವ್ಯತ್ಯಾಸ! ಆದರೂ ಅವರನ್ನು ಬಿಟ್ಟು ಬೇರೆ ಸ್ನೇಪ್‌ನನ್ನು ಊಹಿಸಲಾಗದು ಅನ್ನುವ ಅಭಿಮಾನಿಗಳು ಲೆಕ್ಕವಿಲ್ಲದಷ್ಟು. ಓದುಗರು ಕಂಡ ಆ ಬಿಗಿದ ತುಟಿ, ನಿಧಾನದ ಚುಚ್ಚುಮಾತು, ಒಳಗೆ ಅಡಗಿಸಿಟ್ಟ ನೋವು, ಎಲ್ಲವೂ ಅಲ್ಲಿತ್ತು.

ಅದೇ ಪರ್ಸಿ ಜಾಕ್ಸನ್ ಕಥೆಗೆ ಬನ್ನಿ. ರಿಕ್ ರಯೊರ್ಡನ್ 2005ರಲ್ಲಿ ಬರೆದ ಮೊದಲ ಪುಸ್ತಕದಲ್ಲಿ ಪರ್ಸಿಗೆ 12 ವರ್ಷ. 2010ರ ಸಿನಿಮಾದಲ್ಲಿ ಅವನು ನಾಲ್ಕೈದು ವರ್ಷ ದೊಡ್ಡವನು. ಸ್ನೇಪ್‌ಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ಅಭಿಮಾನಿಗಳು ಸಿಟ್ಟಾದರು. ಕಾರಣ ಕಥೆಯ ಒಳಗಿದೆ. ಐದು ಪುಸ್ತಕಗಳ ಮೇಲೂ ಒಂದು ಭವಿಷ್ಯವಾಣಿ ತೂಗುತ್ತಿರುತ್ತದೆ, ಆ ಹುಡುಗನಿಗೆ 16 ತುಂಬಿದಾಗ ಏನಾಗುತ್ತದೆ ಅನ್ನುವುದು. ಹನ್ನೆರಡರ ಹುಡುಗ ವರ್ಷವರ್ಷವೂ ಆ ದಿನದ ಕಡೆಗೆ ನಡೆಯುತ್ತಾನೆ. ಅವನನ್ನು ಮೊದಲೇ ದೊಡ್ಡವನಾಗಿಸಿದರೆ ನಡೆಯುವ ದಾರಿಯೇ ಇಲ್ಲ. ಲೇಖಕರು ಸಿನಿಮಾ ತಯಾರಾಗುವ ಮೊದಲೇ ನಿರ್ಮಾಪಕರಿಗೆ ಪತ್ರ ಬರೆದು ಇದನ್ನು ಎಚ್ಚರಿಸಿದ್ದರು. ಆ ಪತ್ರಗಳನ್ನು 2018ರಲ್ಲಿ ಅವರೇ ಹೊರಗೆ ತಂದರು. ಆ ಸಿನಿಮಾ ಸರಣಿ 2013ರ ಎರಡನೇ ಚಿತ್ರಕ್ಕೇ ನಿಂತಿತು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಬದಲಾವಣೆಯ ಗಾತ್ರ ಮುಖ್ಯವೇ ಅಲ್ಲ. ತಾನು ಯಾವ ಕಾರಣಕ್ಕೆ ಈ ಪುಸ್ತಕವನ್ನು ಪ್ರೀತಿಸಿದೆನೋ ಆ ಕಾರಣ ಉಳಿಯಿತಾ ಅಂತ ಓದುಗರು ನೋಡುತ್ತಾರೆ. ಉಳಿದರೆ ನೂರು ಪುಟ ಹೋದರೂ ನಡೆಯುತ್ತದೆ. ಹೋದರೆ ಒಂದು ಪದವೂ ಸಾಕು. ಹ್ಯಾರಿ ಪಾಟರ್‌ನ ನಾಲ್ಕನೇ ಪುಸ್ತಕದಲ್ಲಿ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಹುಡುಗನಿಗೆ ಒಂದು ಪ್ರಶ್ನೆ ಕೇಳುತ್ತಾರೆ. ಶಾಂತವಾಗಿ ಕೇಳಿದರು ಅಂತ ಪುಸ್ತಕ ಹೇಳುತ್ತದೆ. 2005ರ ಸಿನಿಮಾದಲ್ಲಿ ಅವರು ಓಡಿ ಬಂದು, ಹುಡುಗನನ್ನು ಹಿಡಿದು, ಕೂಗಿ ಕೇಳುತ್ತಾರೆ. ಆ ‘ಶಾಂತವಾಗಿ’ ಅನ್ನುವ ಒಂದು ಪದ ಅಭಿಮಾನಿಗಳ ಬಾಯಲ್ಲಿ ಇಂದಿಗೂ ಓಡಾಡುತ್ತಿದೆ. ಎಂಥ ಕಷ್ಟದಲ್ಲೂ ದನಿ ಏರಿಸದ ಹಿರಿಯರು ಅವರು ಅನ್ನುವ ನಂಬಿಕೆಯ ಮೇಲೆ ಆ ಪುಸ್ತಕ ಓದಿದ ಮಕ್ಕಳು ಬೆಳೆದಿದ್ದರು.

ಹಾಗಾಗಿ ನಿಮ್ಮ ಗೆಳತಿ ಯಾಕೆ ಸಪ್ಪಗಾದಳು ಅಂತ ತಿಳಿಯಬೇಕಾದರೆ ಸಿನಿಮಾದ ಬಗ್ಗೆ ಕೇಳಬೇಡಿ. ಆ ಪುಸ್ತಕ ನಿನಗೆ ಯಾಕೆ ಇಷ್ಟ ಅಂತ ಕೇಳಿ. ಉತ್ತರ ಅಲ್ಲಿ ಸಿಗುತ್ತದೆ.

## ಬರೆದವರೇ ಸಿಟ್ಟಾದಾಗ

ಲೇಖಕರು ಒಪ್ಪಿದ ಮೇಲೆ ತಾನೇ ಸಿನಿಮಾ ಆಗುವುದು, ಮತ್ತೆ ಯಾಕೆ ತಕರಾರು ಅಂತ ಕೆಲವರು ಕೇಳುತ್ತಾರೆ. ಸಿನಿಮಾ ಮಾಡುವ ಹಕ್ಕನ್ನು ಮಾರುವುದು ಹೆಚ್ಚುಕಡಿಮೆ ಮನೆ ಮಾರಿದ ಹಾಗೆ. ಹೊಸ ಮಾಲೀಕರು ಗೋಡೆ ಒಡೆದರೆ ಹಳೆಯವರು ಬೇಸರ ಪಡಬಹುದು, ತಡೆಯಲಾರರು. ಕರಾರಿನಲ್ಲಿ ಬೇರೆ ಷರತ್ತು ಬರೆಸಿಕೊಂಡಿದ್ದರೆ ಮಾತು ಬೇರೆ. ಟೋಲ್ಕಿನ್ ಇದನ್ನು 1957ರಲ್ಲೇ ತಿಳಿದಿದ್ದರು. ಒಂದೋ ಒಳ್ಳೆಯ ಹಣ ಸಿಗಬೇಕು, ಇಲ್ಲವೋ ಬೇಡ ಅನ್ನುವ ಅಧಿಕಾರ ತಮಗೆ ಇರಬೇಕು ಅಂತ ಮನೆಯವರಿಗೆ ಪತ್ರದಲ್ಲಿ ಬರೆದಿದ್ದರು. ಮರುವರ್ಷ ತಮ್ಮ ಕಾದಂಬರಿಯ ಒಂದು ಚಿತ್ರಕಥೆ ಕೈಗೆ ಬಂದಾಗ ಸಾಲುಸಾಲಾಗಿ ತಪ್ಪು ಎತ್ತಿ ಬರೆದರು. ಅಭಿಮಾನಿಗಳ ‘ಪುಸ್ತಕದಲ್ಲಿ ಹೀಗಿಲ್ಲ’ ಪಟ್ಟಿಗಳಿಗೆ ಅದೇ ಅಜ್ಜ ಅನ್ನಬಹುದು.

ಮಿಖಾಯೆಲ್ ಎಂಡೆ ಎಂಬ ಜರ್ಮನ್ ಲೇಖಕರದ್ದು ಇನ್ನೂ ಕಹಿ ಅನುಭವ. ಅವರು 1979ರಲ್ಲಿ ಬರೆದ ‘ಮುಗಿಯದ ಕಥೆ’ಯಲ್ಲಿ ಒಬ್ಬ ಹುಡುಗ ತಾನು ಓದುತ್ತಿರುವ ಪುಸ್ತಕದೊಳಗೇ ಹೋಗುತ್ತಾನೆ. ದ್ವಿತೀಯಾರ್ಧದಲ್ಲಿ ಅವನ ಒಂದೊಂದು ಆಸೆ ಈಡೇರಿದಾಗಲೂ ಒಂದೊಂದು ನೆನಪು ಅಳಿಸಿಹೋಗುತ್ತದೆ. ಕಥೆಯ ಜೀವ ಅಲ್ಲಿದೆ. 1984ರ ಸಿನಿಮಾ ಹೆಚ್ಚುಕಡಿಮೆ ಮೊದಲರ್ಧಕ್ಕೇ ನಿಂತಿತು, ಆಸೆ ಈಡೇರುವ ಸಂಭ್ರಮದಲ್ಲಿ ಮುಗಿಯಿತು. ಎಂಡೆ ಕೋರ್ಟಿಗೆ ಹೋದರು, ಸೋತರು. ಕಡೆಗೆ ಸಿನಿಮಾದ ಆರಂಭದಲ್ಲಿ ತಮ್ಮ ಹೆಸರು ಬೇಡ ಅಂದರು. ಹಾಗೆ ನೋಡಿದರೆ ಆ ಸಿನಿಮಾ ನೋಡಿ ಬೆಳೆದ ಒಂದು ತಲೆಮಾರಿಗೆ ಅದು ಅಚ್ಚುಮೆಚ್ಚು. ಎರಡೂ ನಿಜ.

ಉರ್ಸುಲಾ ಲೆ ಗ್ವಿನ್ ಅವರದು ನನಗೆ ಬಹಳ ಹತ್ತಿರದ ಉದಾಹರಣೆ. 1968ರ ಅವರ ಅರ್ತ್‌ಸೀ ಕಾದಂಬರಿಯ ನಾಯಕ ಗೆಡ್‌ಗೆ ಕೆಂಪುಗಂದು ಮೈಬಣ್ಣ. ಆ ಲೋಕದಲ್ಲಿ ಬಹುತೇಕ ಜನ ಕಂದು ಅಥವಾ ಕಪ್ಪು ಬಣ್ಣದವರು. ಆ ಕಾಲದ ಫ್ಯಾಂಟಸಿಯಲ್ಲಿ ನಾಯಕರೆಲ್ಲ ಬಿಳಿಯರೇ ಆಗಿದ್ದಾಗ ಅವರು ಬೇಕೆಂದೇ ಮಾಡಿದ ಆಯ್ಕೆ ಅದು. 2004ರ ಕಿರುತೆರೆ ಸರಣಿಯಲ್ಲಿ ಗೆಡ್ ಬಿಳಿಯ ಹುಡುಗನಾದ. ಲೆ ಗ್ವಿನ್ ಬಹಿರಂಗವಾಗಿ ಲೇಖನ ಬರೆದು ವಿರೋಧಿಸಿದರು. ಎರಡು ವರ್ಷದ ಮೇಲೆ ಜಪಾನಿನ ಗೊರೊ ಮಿಯಾಝಾಕಿ ಅದೇ ಪುಸ್ತಕಗಳ ಮೇಲೆ ಅನಿಮೇಶನ್ ಸಿನಿಮಾ ಮಾಡಿದರು. ಅದೂ ಕಥೆಯಿಂದ ಬಹಳ ದೂರ ಹೋಗಿತ್ತು. ನಿರ್ದೇಶಕರು ಎದುರಿಗೇ ಕೇಳಿದಾಗ, ಇದು ನನ್ನ ಪುಸ್ತಕವಲ್ಲ, ನಿಮ್ಮ ಸಿನಿಮಾ, ಒಳ್ಳೆಯ ಸಿನಿಮಾ ಅಂತ ಉತ್ತರಿಸಿದರು. ಆಮೇಲೆ ತಮಗಾದ ನಿರಾಸೆಯನ್ನೂ ಬರೆದರು. ಆ ಎರಡು ಮನಸ್ಸು ಒಟ್ಟಿಗೇ ಇರಬಹುದು ಅನ್ನುವುದು ಅವರಿಗೆ ಗೊತ್ತಿತ್ತು.

## ಅಭಿಮಾನಿಗಳೆಲ್ಲ ಒಂದೇ ಗುಂಪಲ್ಲ

ಅಭಿಮಾನಿಗಳು ಸಿಟ್ಟಾಗಿದ್ದಾರೆ ಅಂತ ಸುದ್ದಿ ಬಂದಾಗ, ಯಾವ ಅಭಿಮಾನಿಗಳು ಅಂತ ಕೇಳಬೇಕು. ಪುಸ್ತಕವನ್ನು ಹತ್ತು ವಯಸ್ಸಿನಲ್ಲಿ ಓದಿದವರಿಗೂ ನಲವತ್ತರಲ್ಲಿ ಓದಿದವರಿಗೂ ಅದು ಬೇರೆ ಪುಸ್ತಕ. ಮೊದಲು ಸಿನಿಮಾ ನೋಡಿ ಆಮೇಲೆ ಪುಸ್ತಕಕ್ಕೆ ಬಂದವರು ಇದ್ದಾರೆ. ಕೆಲವರಿಗೆ ಪುಸ್ತಕವನ್ನು ಓದಿ ಹೇಳಿದ ಅಮ್ಮನ ದನಿಯೇ ಕಥೆ. ಇವರೆಲ್ಲ ಒಂದೇ ಮಾತು ಹೇಳಲು ಸಾಧ್ಯವೇ ಇಲ್ಲ.

ಇನ್ನು ಗದ್ದಲ ಎಬ್ಬಿಸುವ ಎಲ್ಲರೂ ಅಭಿಮಾನಿಗಳೂ ಅಲ್ಲ. ‘ರಿವ್ಯೂ ಬಾಂಬಿಂಗ್’ ಅನ್ನುವ ಪದ ನೀವು ಕೇಳಿರಬಹುದು. ಬಹಳ ಜನ ಒಟ್ಟಾಗಿ, ಎಷ್ಟೋ ಸಲ ನೋಡುವ ಮೊದಲೇ, ಅತಿ ಕಡಿಮೆ ರೇಟಿಂಗ್ ಕೊಟ್ಟು ಸರಾಸರಿ ಬೀಳಿಸುವುದು. 2022ರಲ್ಲಿ ಟೋಲ್ಕಿನ್ ಲೋಕದ ಕಥೆ ಹೇಳುವ ‘ದಿ ರಿಂಗ್ಸ್ ಆಫ್ ಪವರ್’ ಸರಣಿ ಬಂದಾಗ ಅಮೆಜಾನ್ ತನ್ನ ವೇದಿಕೆಯಲ್ಲಿ ವೀಕ್ಷಕರ ವಿಮರ್ಶೆಗಳನ್ನು ಪ್ರಕಟಿಸುವ ಮುನ್ನ 72 ಗಂಟೆ ತಡೆಹಿಡಿಯಿತು. ಅದೇ ಸರಣಿಯಲ್ಲಿ ನಟಿಸಿದ ಬಿಳಿಯರಲ್ಲದ ಕಲಾವಿದರ ಮೇಲೆ ಜನಾಂಗ ದ್ವೇಷದ ದಾಳಿಯೂ ಆಯಿತು. ಹಳೆಯ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳಲ್ಲಿ ಹಾಬಿಟ್ ಎಂಬ ಕುಳ್ಳ ಜನರ ಪಾತ್ರ ಮಾಡಿದ್ದ ನಟರು ಬಹಿರಂಗವಾಗಿ ಆ ಕಲಾವಿದರ ಬೆಂಬಲಕ್ಕೆ ನಿಂತರು. ಕಥೆ ಸಡಿಲವಾಗಿದೆ ಅನ್ನುವ ಓದುಗರ ಪ್ರಾಮಾಣಿಕ ಬೇಸರವೂ ಆ ಸರಣಿಯ ಬಗ್ಗೆ ಇತ್ತು. ದ್ವೇಷದ ಗಲಾಟೆಯಲ್ಲಿ ಅಂಥವರ ಮಾತು ಮುಳುಗಿಹೋಯಿತು. ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ. ಗೆಡ್‌ನ ಮೈಬಣ್ಣಕ್ಕಾಗಿ ದುಃಖಪಟ್ಟವರನ್ನೂ, ಬೇರೆ ಬಣ್ಣದ ನಟರನ್ನು ಕಂಡು ಬೈದವರನ್ನೂ ‘ಫ್ಯಾನ್’ ಅಂತ ಒಂದೇ ಚೀಲಕ್ಕೆ ಹಾಕುವುದು ಸರಿಯಲ್ಲ. ಮೊದಲನೆಯವರು ಪುಸ್ತಕದ ಒಳಗಿರುವುದನ್ನು ಕಾಪಾಡಲು ಹೊರಟವರು.

## ಹತ್ತಿಪ್ಪತ್ತು ವರ್ಷ ಕಳೆದ ಮೇಲೆ

ಒಂದೇ ಪುಸ್ತಕ ಎರಡನೇ ಸಲ ತೆರೆಗೆ ಬರುವುದು ಈಗ ಜಾಸ್ತಿಯಾಗಿದೆ. ಫಿಲಿಪ್ ಪುಲ್‌ಮನ್ 1995ರಲ್ಲಿ ಬರೆದ ಕಾದಂಬರಿ 2007ರಲ್ಲಿ ‘ದಿ ಗೋಲ್ಡನ್ ಕಂಪಾಸ್’ ಸಿನಿಮಾ ಆಯಿತು. ಪುಸ್ತಕದ ಕೊನೆಯನ್ನು ಮುಟ್ಟದೆ ಅದು ನಿಂತಿತು, ಮುಂದಿನ ಭಾಗ ಬರಲೇ ಇಲ್ಲ. 2019ರಿಂದ 2022ರವರೆಗೆ ಮೂರು ಸೀಸನ್‌ಗಳ ಸರಣಿ ಬಂದು ಮೂರೂ ಪುಸ್ತಕಗಳ ಕಥೆಯನ್ನು ಕಡೆಯವರೆಗೆ ಹೇಳಿತು. ಪರ್ಸಿ ಜಾಕ್ಸನ್ 2023ರ ಡಿಸೆಂಬರಿನಲ್ಲಿ ಸರಣಿಯಾಗಿ ಮರಳಿದ. ಈ ಸಲ ಲೇಖಕರೇ ತಂಡದಲ್ಲಿದ್ದರು, ಪರ್ಸಿಯೂ ಮತ್ತೆ ಹನ್ನೆರಡರ ಹುಡುಗನಾಗಿದ್ದ.

ಹೊಸ ರೂಪ ಬಂದಾಗ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಹಳೆಯ ಸಿನಿಮಾವನ್ನು ನೋಡಿ ಬೆಳೆದವರು ಅದರ ಪರ ನಿಲ್ಲುತ್ತಾರೆ. ಹ್ಯಾರಿ ಪಾಟರ್ ಸರಣಿಯ ಘೋಷಣೆಗೆ ಎದ್ದ ಆಕ್ಷೇಪಗಳಲ್ಲಿ ಎಷ್ಟೋ ಪುಸ್ತಕದ ಬಗ್ಗೆ ಅಲ್ಲ, ಹಳೆಯ ಮುಖಗಳ ಬಗ್ಗೆ. ಆ ಮುಖಗಳೇ ಅವರ ಕಣ್ಣಿಗೆ ಕಟ್ಟಿವೆ. ಒಮ್ಮೆ ಹೊರಗಿನದು ಅನ್ನಿಸಿದ್ದು ಇವರಿಗೆ ಮೂಲವಾಗಿದೆ.

ಡೊರೊಥಿಯ ಕೆಂಪು ಶೂಗಳ ಒಂದು ಜೊತೆ 1979ರಿಂದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ಅಮೆರಿಕದ ಇತಿಹಾಸದ ವಸ್ತುಗಳ ನಡುವೆ ಅದಕ್ಕೂ ಜಾಗ ಸಿಕ್ಕಿದೆ, ನೋಡಲು ಜನ ನಿಲ್ಲುತ್ತಾರೆ. ಬೆಳ್ಳಿಯ ಜೊತೆ ಇನ್ನೂ ಪುಸ್ತಕದೊಳಗೇ ಇದೆ. ಪುಟ ತೆರೆದವರಿಗೆ ಈಗಲೂ ಅದು ಬೆಳ್ಳಿಯಾಗಿಯೇ ಕಾಣುತ್ತದೆ.